‘ಅಯ್ಯೋ’ ಎಂದರೆ ದುಃಖ ಎಂದು ಕಲಿಸಿದ್ದೆ, ಈಗ ಏನೆಂದು ಕಲಿಸಲಿ?

ಭಾನುವಾರದ ತರಗತಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ನಾವಿರುವ ವಸತಿ ಸಮುಚ್ಚಯದ ನೆಲಮಹಡಿಯ ಸಭಾಂಗಣದಲ್ಲಿ ಪ್ರತಿ ಭಾನುವಾರ ಸಂಜೆ ಕನ್ನಡ ಬಾರದವರಿಗೆ ಕನ್ನಡ ಹೇಳಿಕೊಡುತ್ತೇನೆ. ಶುರು ಮಾಡಿ ಮೂರು ವರ್ಷವಾಯಿತು, ಈಗ 11 ಮಂದಿ ಬರುತ್ತಾರೆ. ನಾನು ಭಾಷಾಶಾಸ್ತ್ರ ಓದಿದವಳಲ್ಲ, ಲೆಕ್ಕಪತ್ರ ನೋಡುವ ಕೆಲಸದವಳು. ನನಗೆ ಗೊತ್ತಿರುವ ವ್ಯಾಕರಣವೆಲ್ಲ ಪ್ರೌಢಶಾಲೆಯದ್ದು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಈ ಸಂಕ್ರಾಂತಿಯ ದಿನ ನಡೆದದ್ದು. ನನ್ನ ತರಗತಿಗೆ ಗುವಾಹಟಿಯ ಹುಡುಗಿಯೊಬ್ಬಳು ಬರುತ್ತಾಳೆ. ಅವಳ ಎದುರು ಮನೆಯ ಹಿರಿಯರು ಬೆಳಿಗ್ಗೆ ಒಂದು ಸ್ಟೀಲ್ ಡಬ್ಬಿಯಲ್ಲಿ ಎಳ್ಳು ಬೆಲ್ಲ, ಎರಡು ಸಕ್ಕರೆ ಅಚ್ಚು, ಒಂದು ತುಂಡು ಕಬ್ಬು ಕೊಟ್ಟು ಹೋಗಿದ್ದರು. ಅಸ್ಸಾಮಿನಲ್ಲಿಯೂ ಅದೇ ಸಮಯಕ್ಕೆ ಮಾಘ ಬಿಹು. ಅವರಲ್ಲಿಯೂ ಎಳ್ಳು ಬೆಲ್ಲವೇ, ಆದರೆ ಅಕ್ಕಿಹಿಟ್ಟನ್ನು ಕಾವಲಿಯ ಮೇಲೆ ತೆಳ್ಳಗೆ ಹರಡಿ, ನಡುವೆ ಎಳ್ಳು ಬೆಲ್ಲದ ಹೂರಣ ಇಟ್ಟು ಸುರುಳಿ ಸುತ್ತುತ್ತಾರೆ. ತಿಲ್ ಪಿಠಾ ಎಂದು ಅದರ ಹೆಸರು. ಕೊಟ್ಟ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದು ಎಂದು ಅವಳ ಅಮ್ಮ ಹೇಳಿಕೊಟ್ಟಿದ್ದಾರೆ. ಆರು ಪಿಠಾ ಮಾಡಿ, ಅದೇ ಡಬ್ಬಿಯಲ್ಲಿಟ್ಟುಕೊಂಡು ಹೋಗಿ ಬಾಗಿಲು ತಟ್ಟಿದಳು. ಬಾಗಿಲು ತೆರೆದ ಹಿರಿಯರು ಡಬ್ಬಿ ನೋಡಿದವರೇ ಎರಡೂ ಕೈಯನ್ನು ಎದೆಗೆ ತಂದು, ‘ಅಯ್ಯೋ! ಇದೆಲ್ಲ ಏಕೆ ಮಾಡಲು ಹೋದಿರಿ!’ ಎಂದರಂತೆ.

ಹುಡುಗಿ ಡಬ್ಬಿಯನ್ನು ಅವರ ಕೈಗಿಟ್ಟು ಹಿಂದಕ್ಕೆ ಬಂದುಬಿಟ್ಟಳು. ಒಳಗೆ ಬನ್ನಿ ಎಂದು ಅವರು ಕರೆದದ್ದೂ ಅವಳ ಕಿವಿಗೆ ಬೀಳಲಿಲ್ಲ. ರಾತ್ರಿ ನನಗೆ ಸಂದೇಶ ಕಳುಹಿಸಿದಳು: ‘ನಾನೇನು ತಪ್ಪು ಮಾಡಿದೆ? ಹಬ್ಬದ ದಿನ ಅವರಿಗೆ ದುಃಖ ಕೊಟ್ಟೆನೇ?’

ತಪ್ಪು ನನ್ನದು. ನನ್ನ ಟಿಪ್ಪಣಿಯಲ್ಲಿ, ನಾನೇ ಬರೆದು ಹಂಚಿದ ಹಾಳೆಯಲ್ಲಿ, ಶಾಲೆಯಲ್ಲಿ ಕಲಿತ ಹಾಗೆಯೇ ಒಂದು ಪಟ್ಟಿ ಇದೆ. ಆಹಾ: ಸಂತೋಷ. ಅಬ್ಬಾ: ಆಶ್ಚರ್ಯ. ಅಯ್ಯೋ: ದುಃಖ. ಛೀ: ತಿರಸ್ಕಾರ. ಭಲೇ: ಮೆಚ್ಚುಗೆ. ಆಕೆ ಅದನ್ನು ನಂಬಿದಳು. 2016ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೆ ‘ಅಯ್ಯೋ’ ಸೇರಿತಲ್ಲ, ಅದನ್ನೂ ತೆಗೆದು ನೋಡಿದಳಂತೆ. ಅಲ್ಲಿಯೂ ಸಂಕಟ, ವಿಷಾದ ಎಂಬ ಅರ್ಥವೇ.

ಆಮೇಲೆ ಒಂದು ವಾರ ನಾನು ಕಿವಿ ತೆರೆದುಕೊಂಡು ಓಡಾಡಿದೆ. ನಮ್ಮ ಮನೆಯಲ್ಲಿಯೇ ದಿನಕ್ಕೆ ಎಷ್ಟು ಅಯ್ಯೋ! ಹಾಲು ಉಕ್ಕಿದರೆ ಅಯ್ಯೋ. ಛತ್ರಿ ಮರೆತರೆ ಅಯ್ಯೋ. ಸೀರೆ ಚೆನ್ನಾಗಿದೆ ಎಂದು ಯಾರಾದರೂ ಹೇಳಿದರೆ ‘ಅಯ್ಯೋ, ಹಳೆಯದು’. ಸಾಲ ಹಿಂದಿರುಗಿಸಲು ಹೋದರೆ ‘ಅಯ್ಯೋ, ಅದಕ್ಕೇನಂತೆ, ನಿಧಾನವಾಗಿ ಕೊಡಿ’. ಮಗಳು ಪರೀಕ್ಷೆಯ ಭಯ ಹೇಳಿಕೊಂಡಾಗ ‘ಅಯ್ಯೋ, ಬಿಡು’. ತಮ್ಮನ ಮಗು ಮೊದಲ ಹೆಜ್ಜೆ ಇಟ್ಟ ವೀಡಿಯೊ ನೋಡಿ ನನ್ನ ತಾಯಿ ‘ಅಯ್ಯೋ ಅಯ್ಯೋ ಅಯ್ಯೋ ನನ್ನ ಕಂದ’ ಎಂದು ಕಣ್ಣೊರೆಸಿಕೊಂಡರು. ಅದರಲ್ಲಿ ದುಃಖದ ಹನಿಯೂ ಇರಲಿಲ್ಲ.

ಇವೆಲ್ಲ ಒಂದೇ ಪದವೇ? ಇವುಗಳ ನಡುವೆ ಒಂದು ಎಳೆ ಇದೆಯೇ? ಇದ್ದರೆ ಅದನ್ನು ಹೊರಗಿನಿಂದ ಬಂದವರಿಗೆ ಹೇಗೆ ಹೇಳಲಿ? ಬಲ್ಲವರು ದಯವಿಟ್ಟು ತಿಳಿಸಿ.

ಕರಿಹಲಗೆ

ಅಮ್ಮಾ, ನಾನು ತೀರ್ಥಹಳ್ಳಿ ಸೀಮೆಯ ಸರಕಾರಿ ಪ್ರೌಢಶಾಲೆಗಳಲ್ಲಿ 34 ವರ್ಷ ಕನ್ನಡ ಪಾಠ ಮಾಡಿದವನು. ನೀವು ಹೇಳಿದ ಆ ಪಟ್ಟಿಯನ್ನು 34 ಸಲವೂ ಹಲಗೆಯ ಮೇಲೆ ಬರೆದಿದ್ದೇನೆ. ಮಕ್ಕಳು ಬಾಯಿಪಾಠ ಮಾಡಿ ಎರಡು ಅಂಕ ತೆಗೆದುಕೊಂಡರು. ನಿಮ್ಮ ಗುವಾಹಟಿಯ ಹುಡುಗಿಯ ಪ್ರಶ್ನೆಯನ್ನು ಅವರಲ್ಲಿ ಒಬ್ಬರೂ ಕೇಳಲಿಲ್ಲ, ಏಕೆಂದರೆ ಅವರಿಗೆ ಅದು ಮನೆಯಲ್ಲಿಯೇ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಪಟ್ಟಿ ಸುಳ್ಳು ಎಂಬುದು ಯಾರ ಕಣ್ಣಿಗೂ ಬೀಳಲಿಲ್ಲ.

ಪಟ್ಟಿ ಬಿಡಿ. ಪಕ್ಕದ ಪಾಠದಲ್ಲಿ, ಸಂಧಿ ಪ್ರಕರಣದಲ್ಲಿ, ಇದಕ್ಕಿಂತ ಒಳ್ಳೆಯ ಸುಳಿವು ಇದೆ. ಪ್ರಕೃತಿಭಾವ, ಅಂದರೆ ಸಂಧಿಯಾಗದೆ ಪದಗಳು ಇದ್ದಂತೆಯೇ ಉಳಿಯುವುದು, ನೆನಪಿದೆಯೇ? ಕನ್ನಡದಲ್ಲಿ ಸ್ವರದ ಮುಂದೆ ಸ್ವರ ಬಂದರೆ ಸುಮ್ಮನಿರುವುದಿಲ್ಲ. ಊರು ಮತ್ತು ಅಲ್ಲಿ ಸೇರಿದರೆ ‘ಊರಲ್ಲಿ’, ಒಂದು ಸ್ವರ ಹೋಯಿತು. ಮನೆ ಮತ್ತು ಅಲ್ಲಿ ಸೇರಿದರೆ ‘ಮನೆಯಲ್ಲಿ’, ನಡುವೆ ಯಕಾರ ಬಂತು. ಆದರೆ ‘ಓಹೋ ಅಜ್ಜಿ ಬಂದರೇ’ ಎಂಬಲ್ಲಿ ‘ಓಹೋವಜ್ಜಿ’ ಆಗುವುದಿಲ್ಲ. ‘ಅಯ್ಯೋ ಇದೇನು’ ಎನ್ನುವುದು ‘ಅಯ್ಯೋವಿದೇನು’ ಆಗುವುದಿಲ್ಲ. ‘ಆಹಾ ಎಷ್ಟು’ ಎಂಬುದನ್ನು ‘ಆಹೆಷ್ಟು’ ಮಾಡಿ ಓದಿ ನೋಡಿ, ಬಾಯಿಯೇ ಒಪ್ಪುವುದಿಲ್ಲ. ಭಾವಸೂಚಕ ಅವ್ಯಯಗಳು ಸಂಧಿಗೆ ಒಳಗಾಗುವುದಿಲ್ಲ. ಲಿಂಗ, ವಚನ, ವಿಭಕ್ತಿ ಯಾವುದೂ ಅವಕ್ಕೆ ತಗಲುವುದಿಲ್ಲ. ವಾಕ್ಯದ ಮನೆಯ ಜಗುಲಿಯ ಮೇಲೆ ಕುಳಿತಿರುತ್ತವೆ, ಒಳಗೆ ಬರುವುದಿಲ್ಲ. 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಅವ್ಯಯಕ್ಕೆ ಪ್ರತ್ಯೇಕ ಪ್ರಕರಣವೇ ಇದೆ. ಹೊರಗೆ ಕುಳಿತವರಿಗೂ ನಮ್ಮವರು ಮಣೆ ಹಾಕಿದ್ದಾರೆ.

ಇನ್ನೊಂದು ಮಾತು. ಸಂಧಿಯಾಗದ ಪದಗಳ ಆ ಸಾಲಿನಲ್ಲಿ ಭಾವಸೂಚಕಗಳ ಪಕ್ಕದಲ್ಲಿಯೇ ಯಾರಿದ್ದಾರೆ ನೋಡಿ: ‘ಅಣ್ಣಾ, ಓಡಿ ಬಾ’, ‘ಅಕ್ಕಾ, ಇತ್ತ ಬಾ’. ದೂರದವರನ್ನು ಕರೆಯುವಾಗ ಎಳೆಯುವ ಸ್ವರ, ಮೂರು ಮಾತ್ರೆಯ ಪ್ಲುತ. ಕರೆಯುವುದಕ್ಕೆ, ಹಾಡುವುದಕ್ಕೆ, ಅಳುವುದಕ್ಕೆ ಪ್ಲುತ ಎಂದು ನಮಗೆ ಹೇಳಿಕೊಟ್ಟಿದ್ದರು. ಕರೆ ಮತ್ತು ಉದ್ಗಾರ ಒಂದೇ ಬಿಡಾರದವು. ನಮ್ಮ ಉದ್ಗಾರಗಳಲ್ಲಿ ಎಷ್ಟೋ ಪದಗಳು ನಿಜವಾಗಿ ಕರೆಗಳೇ: ಅಮ್ಮಾ, ಅಪ್ಪಾ, ಯವ್ವಾ, ಯಪ್ಪಾ, ಶಿವನೇ, ದೇವರೇ. ‘ಅಯ್ಯೋ’ ಎಂಬುದರೊಳಗೆ ಅಯ್ಯ ಕುಳಿತಿದ್ದಾನೆ ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ. ಕಾಲಿಗೆ ಮುಳ್ಳು ಚುಚ್ಚಿದಾಗ ಕನ್ನಡದವನು ‘ನೋವು’ ಎಂದು ಕೂಗುವುದಿಲ್ಲ, ಯಾರನ್ನೋ ಕರೆಯುತ್ತಾನೆ. ಆ ಕರೆಗೆ ಓಗೊಡುವವರು ಇದ್ದಾರೆ ಎಂಬ ಭರವಸೆ ಅದರಲ್ಲಿದೆ. ‘ಅಯ್ಯೋ ಎನ್ನುವವರೂ ಇಲ್ಲ’ ಎಂಬ ಮಾತು ಏಕೆ ಅಷ್ಟು ಕರುಳು ಹಿಂಡುತ್ತದೆ ಎಂದರೆ ಇದಕ್ಕೇ.

ಈಗ ನಿಮ್ಮ ಎಳೆ. ನನ್ನ ತಿಳಿವಳಿಕೆಯಲ್ಲಿ ‘ಅಯ್ಯೋ’ ಹೇಳುವುದು ಇಷ್ಟು: ‘ಇದು ನಾನು ಎಣಿಸಿದ ಅಳತೆಯನ್ನು ಮೀರಿತು, ನೀನೂ ನೋಡು.’ ಹಾಲು ಪಾತ್ರೆಯ ಅಳತೆ ಮೀರಿತು, ಅಯ್ಯೋ. ಸಾವು ಬಂತು, ತಾಳುವ ಶಕ್ತಿಯ ಅಳತೆ ಮೀರಿತು, ಅಯ್ಯೋ. ನೀವು ಹೊಗಳಿದಿರಿ, ನನ್ನ ಯೋಗ್ಯತೆಯ ಅಳತೆ ಮೀರಿತು, ಅಯ್ಯೋ. ಮಗುವಿನ ಮುದ್ದು ಕಣ್ಣಿನ ಅಳತೆ ಮೀರಿತು, ಅಯ್ಯೋ. ಎದುರು ಮನೆಯ ಹಿರಿಯರು ಕೊಟ್ಟದ್ದು ಒಂದು ಹಿಡಿ ಎಳ್ಳು. ಬಂದದ್ದು ಒಲೆಯ ಮುಂದೆ ನಿಂತು ಒಂದೊಂದಾಗಿ ಸುತ್ತಿದ ಆರು ಪಿಠಾ. ಅವರು ‘ಅಯ್ಯೋ’ ಎನ್ನದೆ ‘ಧನ್ಯವಾದ’ ಎಂದಿದ್ದರೆ ನಾನಾದರೆ ಬೇಸರ ಪಟ್ಟುಕೊಳ್ಳುತ್ತಿದ್ದೆ. ಅಂಗಡಿಯವನು ಹೇಳುವ ಮಾತು ಅದು. ಆ ಹುಡುಗಿಗೆ ಹೇಳಿ, ಆ ದಿನ ಅವಳಿಗೆ ಸಿಕ್ಕಿದ್ದು ನಮ್ಮ ಭಾಷೆಯ ಅತ್ಯಂತ ದೊಡ್ಡ ಕೃತಜ್ಞತೆ.

ಸ್ವರದ ಉದ್ದವನ್ನೂ, ಪದ ಎಷ್ಟು ಸಲ ಬರುತ್ತದೆ ಎಂಬುದನ್ನೂ ಕಲಿಸಿ. ‘ಛೀ’ ಎಂದರೆ ಎದುರಿಗಿರುವವನ ಮುಖಕ್ಕೇ ಹೊಡೆದಂತೆ. ‘ಛೀಮಾರಿ’ ಎಂಬ ಪದ ಅಲ್ಲಿಂದಲೇ ಹುಟ್ಟಿದೆ. ‘ಛೇ’ ಎಂದರೆ ಮನುಷ್ಯನನ್ನು ಬಿಟ್ಟು ನಡೆದುಹೋದ ಸಂಗತಿಯ ಕಡೆಗೆ ತಿರುಗಿತು: ‘ಛೇ, ಹಾಗಾಗಬಾರದಿತ್ತು’. ‘ಛೇ ಛೇ’ ಎಂದು ಎರಡು ಸಲ ಹೇಳಿದರೆ ನಿರಾಕರಣೆ: ‘ಛೇ ಛೇ, ನಾನು ಹಾಗೆ ಹೇಳಲೇ ಇಲ್ಲ’. ಒಂದು ಸ್ವರ ಬದಲಾದರೆ ಬೈಗುಳವೇ ಮರುಕವಾಗುತ್ತದೆ. ಇದನ್ನು ಕಲಿಸದಿದ್ದರೆ ನಿಮ್ಮ ವಿದ್ಯಾರ್ಥಿಗಳು ಸಾಂತ್ವನ ಹೇಳಲು ಹೋಗಿ ‘ಛೀ’ ಎಂದುಬಿಟ್ಟಾರು. ಅದು ಡಬ್ಬಿಯ ಪ್ರಸಂಗಕ್ಕಿಂತ ಕಷ್ಟ.

ಉದ್ಗಾರಗಳಿಗೂ ಆಯಸ್ಸು ಇದೆ ಎನ್ನುವುದು ನನ್ನನ್ನು ಬಹಳ ಸಲ ಕಾಡಿದೆ. ಕುಮಾರವ್ಯಾಸನ ಪಾತ್ರಗಳು ಮೆಚ್ಚಿದಾಗ ‘ಮಝ ಭಾಪು’ ಎನ್ನುತ್ತವೆ, ಮರುಗಿದಾಗ ‘ಅಕಟ’ ಎನ್ನುತ್ತವೆ. ಇವತ್ತು ಮೆಚ್ಚಿದವರು ‘ಶಹಬ್ಬಾಸ್’ ಎನ್ನುತ್ತಾರೆ. ಅದು ಪಾರಸಿಯ ‘ಶಾದ್ ಬಾಷ್’, ಸಂತೋಷವಾಗಿರು ಎಂಬ ಹಾರೈಕೆ. ಮೆಚ್ಚುವ ಮಾತುಗಳು ದಂಡಿನ ಜೊತೆ, ದರಬಾರಿನ ಜೊತೆ ಬಂದು ಹೋಗುತ್ತವೆ. ನೋವಿನ ಮಾತು ಹಾಗಲ್ಲ. ತಮಿಳರು, ತೆಲುಗರು, ಮಲಯಾಳಿಗಳು, ಸಮುದ್ರದಾಚೆಯ ಸಿಂಹಳದವರು ಕೂಡ ‘ಅಯ್ಯೋ’ ಎನ್ನುತ್ತಾರೆ.

ಕಡಲತಡಿ

ಮೇಷ್ಟರು ಹೇಳಿದ ಕರೆಯ ಮಾತಿಗೆ ನಮ್ಮ ಮಂಗಳೂರಿನ ಕಡೆಯ ಒಂದು ಸಾಕ್ಷಿ. ನಾವು ‘ಮಾರಾಯ್ರೇ’ ಎನ್ನುತ್ತೇವೆ. ಮೂಲ ‘ಮಹಾರಾಯ’. ಈಗ ಅದರಲ್ಲಿ ರಾಯನೂ ಇಲ್ಲ, ಎದುರಿಗೆ ಯಾರೂ ಇರಬೇಕೆಂದೂ ಇಲ್ಲ. ನಮ್ಮ ತಂದೆ ಅಡಿಕೆ ತೋಟದಲ್ಲಿ ಒಬ್ಬರೇ ನಿಂತು, ಕೊಳೆರೋಗಕ್ಕೆ ಉದುರಿದ ಕಾಯಿಗಳನ್ನು ನೋಡಿ, ‘ಎಂತ ಮಾರಾಯ್ರೇ ಇದು’ ಎಂದದ್ದನ್ನು ಕೇಳಿದ್ದೇನೆ. ಯಾರಿಗೆ ಹೇಳಿದರು? ಮಳೆಗೋ, ಮರಕ್ಕೋ. ಆದರೆ ಬಹುವಚನದ ಗೌರವ ಬಿಡಲಿಲ್ಲ. ತರಗತಿಯಲ್ಲಿ ಇದನ್ನೂ ಸೇರಿಸಿಕೊಳ್ಳಿ. ಹೆಂಗಸಿಗೆ ‘ಮಾರಾಯ್ತಿ’ ಎನ್ನಬೇಕು ಎಂಬುದನ್ನು ಮರೆಯದೆ ಹೇಳಿ.

ನಿಧಾನದ ಮಾತು

ನಾನು ವಾಕ್ ಚಿಕಿತ್ಸಕಿ. ಮೈಸೂರಿನಲ್ಲಿ ಓದಿದೆ, ಈಗ ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತೇನೆ. ಮಿದುಳಿನ ಎಡಭಾಗಕ್ಕೆ ಪಾರ್ಶ್ವವಾಯು ತಗಲಿ ಮಾತು ನಿಂತುಹೋದವರು ನನ್ನ ಬಳಿಗೆ ಬರುತ್ತಾರೆ. ಈ ಪದಗಳು ವಾಕ್ಯದ ಹೊರಗೆ ಕುಳಿತಿರುತ್ತವೆ ಎಂದು ಮೇಷ್ಟರು ವ್ಯಾಕರಣದಿಂದ ಹೇಳಿದರು. ಅವು ನಿಜವಾಗಿಯೂ ಹೊರಗೇ ಇರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅರವತ್ತು ದಾಟಿದ ಲಾರಿ ಚಾಲಕರೊಬ್ಬರು ಬರುತ್ತಿದ್ದರು. ಮಾತು ಹೋಗಿ ಎರಡು ತಿಂಗಳಾಗಿತ್ತು. ನಾನು ಚಿತ್ರದ ಕಾರ್ಡುಗಳನ್ನು ಮೇಜಿನ ಮೇಲೆ ಹರಡುತ್ತಿದ್ದೆ: ಲೋಟ, ಹಸು, ಬೀಗದ ಕೈ. ಬೀಗದ ಕೈಯ ಚಿತ್ರ ತೋರಿಸಿದರೆ ಎಡಗೈಯನ್ನು ಗಾಳಿಯಲ್ಲಿ ತಿರುಗಿಸಿ ತೋರಿಸುತ್ತಿದ್ದರು. ಬಲಗೈ ಏಳುತ್ತಿರಲಿಲ್ಲ. ಅದೇನೆಂದು ಅವರಿಗೆ ಗೊತ್ತು. ಪದ ಮಾತ್ರ ಬರುತ್ತಿರಲಿಲ್ಲ. ತುಟಿ ಕೂಡಿಸುತ್ತಿದ್ದರು, ಬಿಡಿಸುತ್ತಿದ್ದರು, ಹಣೆಯ ಮೇಲೆ ಬೆವರು ಬರುತ್ತಿತ್ತು. ಒಂದು ದಿನ ಅವರ ಮೊಣಕೈ ತಗಲಿ ಚಹಾದ ಲೋಟ ಉರುಳಿ ಕಾರ್ಡುಗಳ ಮೇಲೆಲ್ಲ ಚೆಲ್ಲಿತು. ‘ಅಯ್ಯಯ್ಯಯ್ಯ, ಶಿವನೇ!’ ಎಂದರು. ಅಷ್ಟೂ ಸ್ಪಷ್ಟ, ಶಿವನ ಶಕಾರ ಕೂಡ ಚೊಕ್ಕವಾಗಿ. ಬಾಗಿಲಲ್ಲಿ ಕುಳಿತಿದ್ದ ಅವರ ಹೆಂಡತಿ ಎದ್ದು ನಿಂತರು. ನಾನು ಕೇಳಿದೆ, ‘ಮತ್ತೊಮ್ಮೆ ಹೇಳಿ’. ಅವರು ಬಾಯಿ ತೆರೆದರು. ‘ಅ’ ಎಂಬಲ್ಲಿಗೆ ನಿಂತಿತು. ಎಷ್ಟು ಪ್ರಯತ್ನಿಸಿದರೂ ಅದರಾಚೆ ಬರಲಿಲ್ಲ. ಈಗ ತಾನೇ ಅವರೇ ಹೇಳಿದ ಪದ.

ಇದು ಅವರೊಬ್ಬರ ಕತೆಯಲ್ಲ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಬ್ರೋಕಾ ವರ್ಣಿಸಿದ ಹೆಸರಾಂತ ರೋಗಿಗೆ ‘ಟಾನ್’ ಎಂಬ ಒಂದು ಉಲಿಯ ಹೊರತು ಮಾತಿರಲಿಲ್ಲ, ಆದರೆ ಸಿಟ್ಟು ಬಂದಾಗ ದೇವರ ಹೆಸರಿನ ಒಂದು ಬೈಗುಳ ಬಾಯಿಗೆ ಬರುತ್ತಿತ್ತು. ಲಂಡನ್ನಿನ ವೈದ್ಯ ಹ್ಯೂಲಿಂಗ್ಸ್ ಜಾಕ್ಸನ್ ಕೂಡ ಅದೇ ಶತಮಾನದಲ್ಲಿ ಈ ಭೇದವನ್ನು ಗುರುತಿಸಿದರು: ಯೋಚಿಸಿ ಕಟ್ಟುವ ಮಾತು ಬೇರೆ, ತಾನಾಗಿ ಹೊಮ್ಮುವ ಮಾತು ಬೇರೆ. ಕಟ್ಟುವ ಮಾತಿಗೆ ಬಹುಪಾಲು ಜನರಲ್ಲಿ ಮಿದುಳಿನ ಎಡಭಾಗವೇ ಆಧಾರ. ಹೊಮ್ಮುವ ಮಾತಿಗೆ ಬಲಭಾಗವೂ ಮಿದುಳಿನ ಆಳದ ಭಾಗಗಳೂ ದಾರಿ ಕೊಡುತ್ತವೆ. ಅದಕ್ಕೇ ಉದ್ಗಾರ, ಬೈಗುಳ, ದೇವರ ಹೆಸರು, ಒಂದು ಎರಡು ಮೂರರ ಎಣಿಕೆ, ಬಾಲ್ಯದ ಹಾಡು ಎಷ್ಟೋ ಸಲ ಉಳಿದುಕೊಳ್ಳುತ್ತವೆ.

ಇದನ್ನು ನಾನು ಇಲ್ಲಿ ಒತ್ತಿ ಹೇಳಲು ಕಾರಣವಿದೆ. ಮನೆಯವರು ಇದನ್ನು ತಪ್ಪಾಗಿ ತಿಳಿಯುತ್ತಾರೆ. ‘ಬೈಯುವುದಕ್ಕೆ ಬಾಯಿ ಬರುತ್ತದೆ, ನನ್ನ ಹೆಸರು ಹೇಳುವುದಕ್ಕೆ ಬರುವುದಿಲ್ಲವೇ’ ಎಂದು ನೊಂದುಕೊಂಡವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಎಣಿಸಬೇಡಿ. ಹೆಸರನ್ನು ಕಟ್ಟಬೇಕು, ಕಟ್ಟುವ ಕೈಗೆ ಪೆಟ್ಟಾಗಿದೆ. ‘ಅಯ್ಯೋ’ ಎನ್ನುವುದನ್ನು ಯಾರೂ ಕಟ್ಟುವುದಿಲ್ಲ.

ಭಾನುವಾರದ ತರಗತಿಯವರಿಗೆ: ಹೊಸ ಭಾಷೆ ಕಲಿಯುವವರಲ್ಲಿ ಉದ್ಗಾರ ಕೊನೆಗೆ ಬರುತ್ತದೆ ಎಂದು ನನ್ನ ಅನುಭವ. ಮೂವತ್ತು ವರ್ಷ ಧಾರವಾಡದಲ್ಲಿದ್ದು ಸೊಗಸಾಗಿ ಕನ್ನಡ ಮಾತನಾಡುವ ಬಂಗಾಳಿ ಹಿರಿಯರ ಬೆರಳು ಬಾಗಿಲಿಗೆ ಸಿಕ್ಕಿಕೊಂಡಾಗ ಬಂದದ್ದು ಬಂಗಾಳಿಯೇ. ನಿಮ್ಮವರಿಗೂ ಅವಸರ ಮಾಡಬೇಡಿ.

ಎರಡನೆಯ ಕರಡು

ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಬರವಣಿಗೆಯ ಕಡೆಯಿಂದ ಎರಡು ಮಾತು.

‘ಅಯ್ಯೋ’ ಪಕ್ಕದಲ್ಲಿ ಹಾಕುವ ಚಿಹ್ನೆ ನಮಗೆ ಹೊಸದು. ತಾಳೆಗರಿಯ ಮೇಲೆ ಕಂಟದಿಂದ ಕೊರೆದವರಿಗೆ ಆಶ್ಚರ್ಯಸೂಚಕವೂ ಇರಲಿಲ್ಲ, ಪ್ರಶ್ನಾರ್ಥಕವೂ ಇರಲಿಲ್ಲ. ಬೆರಗನ್ನೂ ಅಳಲನ್ನೂ ಪದವೇ ಹೊರಬೇಕಿತ್ತು. ‘ಅಕ್ಕಟಕ್ಕಟಾ’ ಎಂದು ಅಷ್ಟು ಉದ್ದ ಏಕೆ ಎಂದರೆ, ಪಕ್ಕದಲ್ಲಿ ನಿಂತು ನೆರವಾಗುವ ಗೆರೆ ಚುಕ್ಕೆ ಇರಲಿಲ್ಲ ಎನ್ನುವುದೂ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ. ಆ ಚಿಹ್ನೆಗಳು ಯುರೋಪಿನ ಅಚ್ಚಿನ ಪದ್ಧತಿಯ ಜೊತೆಗೆ ಬಂದವು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಟಿತಲ್ಲ, ಆ ಶತಮಾನದ ಮಾತು. ಅಲ್ಲಿಂದ ಮುಂದೆ ಹಳೆಯ ನಾಟಕದ ಪುಸ್ತಕಗಳಲ್ಲಿ ‘ಎಲೈ ಮಂತ್ರಿಯೇ!’ ಎಂದು ಪ್ರತಿ ಕರೆಗೂ ಒಂದು ಚಿಹ್ನೆ. ಮೇಷ್ಟರು ಹೇಳಿದ ಕರೆ ಮತ್ತು ಉದ್ಗಾರದ ನಂಟು ಅಚ್ಚುಮೊಳೆ ಜೋಡಿಸುವವನಿಗೂ ಗೊತ್ತಿತ್ತು.

ಈಗ ಹಸ್ತಪ್ರತಿಗಳಲ್ಲಿ ಒಂದರ ಪಕ್ಕ ಒಂದು ಮೂರು ನಾಲ್ಕು ಚಿಹ್ನೆ ಬರುತ್ತವೆ. ಒಂದನ್ನು ಉಳಿಸಿ ಮಿಕ್ಕವನ್ನು ತೆಗೆಯುತ್ತೇನೆ. ‘ಅಯ್ಯೋ’ ಎಂದ ಮೇಲೆ ಒಂದೂ ಬೇಡ ಎನ್ನುವುದು ನನ್ನ ಪಕ್ಷ, ಆದರೆ ಲೇಖಕರೊಂದಿಗೆ ಜಗಳವಾಡುವುದಿಲ್ಲ.

ಸ್ವರ ಎಳೆದದ್ದನ್ನು ತೋರಿಸಲು ಕನ್ನಡ ಅಚ್ಚಿನಲ್ಲಿ ಅವಗ್ರಹ ಇದೆ: ಅಯ್ಯೋಽಽ. ಮೊಬೈಲ್ ಕೀಲಿಮಣೆಯಲ್ಲಿ ಅದನ್ನು ಹುಡುಕಲಾರದೆ ಜನ ಅದೇ ಆಕಾರದ ಇಂಗ್ಲಿಷಿನ ಎಸ್ ಅಕ್ಷರವನ್ನು ಮೂರು ಸಲ ಒತ್ತುತ್ತಾರೆ. ಅವಗ್ರಹದ ಹೆಸರು ಮರೆತರೂ ಅದರ ರೂಪವನ್ನು ಕನ್ನಡದ ಕಣ್ಣು ಮರೆತಿಲ್ಲ ಎಂದು ನನಗೆ ಪ್ರತಿ ಸಲವೂ ಸಂತೋಷವಾಗುತ್ತದೆ.

ಇನ್ನು ‘ಹ್ಞೂಂ’. ವರ್ಣಮಾಲೆಯಲ್ಲಿ ಞ ಎಂಬ ಅಕ್ಷರ ಇದೆ. ಮಕ್ಕಳು ತಿದ್ದುತ್ತಾರೆ, ಆಮೇಲೆ ಅದನ್ನು ಎಲ್ಲಿಯೂ ಬಳಸುವುದಿಲ್ಲ. ‘ಜ್ಞಾನ’ದಲ್ಲಿ ಒತ್ತಾಗಿ ಬರುತ್ತದೆ, ‘ಯಾಚ್ಞೆ’ಯಂತಹ ಅಪರೂಪದ ಪದಗಳಲ್ಲಿ ಬರುತ್ತದೆ. ಅದು ಬಿಟ್ಟರೆ ಇವತ್ತಿನ ಕನ್ನಡದಲ್ಲಿ ಅದಕ್ಕೆ ಉಳಿದಿರುವ ಕೆಲಸ ‘ಹ್ಞಾಂ’, ‘ಹ್ಞೂಂ’. ಮೂಗಿನಲ್ಲಿ ಹೊರಡುವ ಆ ಒಪ್ಪಿಗೆಯನ್ನು ಬರೆಯಲು ಬೇರೆ ದಾರಿ ಕಾಣದೆ ನಮ್ಮವರು ಅಟ್ಟದ ಮೇಲಿದ್ದ ಅಕ್ಷರವನ್ನು ಇಳಿಸಿಕೊಂಡರು. ಅಜ್ಜಿ ಕತೆ ಹೇಳುವಾಗ ಹ್ಞೂಂಗುಟ್ಟದಿದ್ದರೆ ಕತೆ ನಿಲ್ಲುತ್ತಿತ್ತು, ನೆನಪಿದೆಯೇ? ಅದನ್ನು ‘ಹೂಂ’ ಎಂದು ಸರಳ ಮಾಡಿ ಎಂದು ಒಂದು ಪ್ರಕಾಶನದವರು ನನಗೆ ಹೇಳಿದ್ದರು. ನಾನು ಮಾಡಲಿಲ್ಲ.

ಭಾನುವಾರದ ತರಗತಿ

ಎಲ್ಲರಿಗೂ ಮನಸ್ಸು ತುಂಬಿ ವಂದನೆಗಳು. ಇಷ್ಟನ್ನು ನಾನು ನಿರೀಕ್ಷಿಸಿರಲಿಲ್ಲ. ಮೇಷ್ಟರ ಲೆಕ್ಕದಲ್ಲಿ ನಾನೂ ಈಗ ‘ಅಯ್ಯೋ’ ಎನ್ನಬೇಕು.

ನಿನ್ನೆ ತರಗತಿಯಲ್ಲಿ ಹಳೆಯ ಹಾಳೆಗಳನ್ನು ವಾಪಸು ಪಡೆದೆ. ನಿಧಾನದ ಮಾತಿನವರು ಬರೆದದ್ದು ತಲೆಯಲ್ಲಿ ಕುಳಿತಿತ್ತು. ಹಾಗಾಗಿ ಏನೂ ಹೇಳದೆ, ಪಾಠದ ನಡುವೆ ಮೇಜಿನ ಅಂಚಿನಲ್ಲಿಟ್ಟಿದ್ದ ನೀರಿನ ಸ್ಟೀಲ್ ಲೋಟವನ್ನು ಕೈತಗಲಿದಂತೆ ಕೆಡವಿದೆ. ದೊಡ್ಡ ಸದ್ದಾಯಿತು. ಲಖನೌದವರು ‘ಅರೇ’ ಎಂದರು, ಕೊಚ್ಚಿಯ ದಂಪತಿಗಳು ಇಬ್ಬರೂ ಒಟ್ಟಿಗೆ ‘ಅಯ್ಯೋ’ ಎಂದರು. ಗುವಾಹಟಿಯ ಹುಡುಗಿ ‘ಆಯ್ ಔ ದೇಹಿ’ ಎಂದಳು. ಹಾಗೆಂದರೇನು ಎಂದು ಕೇಳಿದೆ. ಅರ್ಥ ಹೇಳಲು ಹೊರಟು ಅರ್ಧಕ್ಕೆ ನಿಂತಳು. ‘ಆಯ್ ಎಂದರೆ ಅಮ್ಮ’ ಎಂದಳು. ಆಮೇಲೆ, ‘ಅಮ್ಮನನ್ನು ನಾನು ಹಾಗೆ ಕರೆಯುವುದೇ ಇಲ್ಲ, ಮನೆಯಲ್ಲಿ ಮಾ ಎನ್ನುತ್ತೇನೆ. ಇದು ಎಲ್ಲಿಂದ ಬಂತು?’ ಎಂದು ತನ್ನನ್ನೇ ಕೇಳಿಕೊಂಡಳು. ಕರೆಯ ಮಾತು ನಾನು ಹೇಳುವುದಕ್ಕೆ ಮೊದಲೇ ಅವಳ ಬಾಯಿಂದಲೇ ಬಂದಿತ್ತು.

ಅಳತೆ ಮೀರುವ ವಿವರಣೆ ಎಲ್ಲರಿಗೂ ಹಿಡಿಸಿತು. ಛೀ ಮತ್ತು ಛೇ ನಡುವಿನ ವ್ಯತ್ಯಾಸಕ್ಕೆ ಮುಕ್ಕಾಲು ಗಂಟೆ ಹೋಯಿತು, ಇನ್ನೂ ಮೂರು ಮಂದಿಗೆ ಬಂದಿಲ್ಲ. ಹ್ಞೂಂ ಬರೆಯುವುದನ್ನು ಮುಂದಿನ ವಾರಕ್ಕೆ ಇಟ್ಟುಕೊಂಡಿದ್ದೇನೆ.

ಎದುರು ಮನೆಯ ಹಿರಿಯರೊಂದಿಗೆ ನಾನೇ ಮಾತನಾಡಿದೆ. ಹುಡುಗಿ ಅಂದುಕೊಂಡದ್ದನ್ನು ಕೇಳಿ ಅವರು ಬಾಯಿಗೆ ಕೈ ಇಟ್ಟುಕೊಂಡು ಅದೇ ಪದ ಹೇಳಿದರು. ಡಬ್ಬಿ ಈಗ ಅವಳ ಮನೆಯಲ್ಲಿದೆ, ಒಳಗೆ ಹುಣಸೆ ಗೊಜ್ಜು ಇದೆ.

ಇನ್ನೊಂದು ಪ್ರಶ್ನೆ ಹೊತ್ತುಕೊಂಡು ಬಂದಿದ್ದೇನೆ. ಲಖನೌದವರು ಆಟೊದಲ್ಲಿ ಬರುವಾಗ ಅವರ ಮಗು ತೊಡೆಯ ಮೇಲೆ ನಿದ್ದೆ ಹೋಗಿತ್ತಂತೆ. ಚಾಲಕರು ತಿರುಗಿ ನೋಡಿ ‘ಪಾಪ’ ಎಂದು ಹೇಳಿ, ಹಾಡನ್ನು ನಿಲ್ಲಿಸಿ, ಗುಂಡಿಗಳನ್ನು ತಪ್ಪಿಸಿಕೊಂಡು ನಿಧಾನವಾಗಿ ಓಡಿಸಿದರಂತೆ. ಹಿಂದಿಯವರಿಗೆ ಪಾಪ ಎಂದರೆ ಮಾಡಬಾರದ್ದನ್ನು ಮಾಡಿದ್ದು, ನರಕಕ್ಕೆ ಹೋಗುವಂಥದ್ದು. ಮಲಗಿದ ಮಗುವಿಗೆ ಅದೇ ಪದ ಹೇಗೆ ಬಂತು ಎಂದು ಕೇಳುತ್ತಿದ್ದಾರೆ. ಕರಿಹಲಗೆಯವರೇ, ‘ಪಾಪ’ ಕೂಡ ಅವ್ಯಯವೇ? ಅದಕ್ಕೆ ಸಂಧಿಯಾ‌ಗುತ್ತದೆಯೇ?